ಆಲೂಗೆಡ್ಡೆ ಕಟ್ಲೆಟ್: ಕ್ಯಾಲೊರಿ ಎಲ್ಲಿಂದ ಬರುತ್ತೆ, ಸತ್ವ ಎಲ್ಲಿ ಹೋಗುತ್ತೆ

ಸಿಪ್ಪೆ ಸಮೇತ ಬೇಯಿಸಿ ಸುಲಿದ ಆಲೂಗೆಡ್ಡೆ 100 ಗ್ರಾಂಗೆ ಸುಮಾರು 87 ಕ್ಯಾಲೊರಿ. ಅಷ್ಟೇ ತೂಕದ ಬಿಳಿ ಅನ್ನಕ್ಕೆ ಸುಮಾರು 130. ಎರಡು ಸಲ ಅನ್ನ ಬಡಿಸಿಕೊಂಡು ಉಣ್ಣುವಾಗ ಯಾರೂ ಲೆಕ್ಕ ಕೇಳಲ್ಲ, ತಟ್ಟೆಗೆ ಕಟ್ಲೆಟ್ ಬಂದರೆ ಮಾತ್ರ ‘ಆಲೂಗೆಡ್ಡೆ ತಿಂದರೆ ಮೈ ಬರುತ್ತೆ’ ಅನ್ನುವ ಮಾತು ಶುರುವಾಗುತ್ತೆ. ಆಲೂಗೆಡ್ಡೆ ಮೇಲಿನ ಈ ದೂರು ಸರಿಯಲ್ಲ. ಅದರಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, 100 ಗ್ರಾಂಗೆ 0.1 ಗ್ರಾಂ. ಪಿಷ್ಟ ಸೇರಿ ಕಾರ್ಬೋಹೈಡ್ರೇಟ್ 20 ಗ್ರಾಂ, ಪ್ರೋಟೀನ್ ಸುಮಾರು 2 ಗ್ರಾಂ, ನಾರು 1.8 ಗ್ರಾಂ, ಪೊಟ್ಯಾಸಿಯಂ ಸುಮಾರು 380 ಮಿ.ಗ್ರಾಂ, ವಿಟಮಿನ್ ಸಿ 13 ಮಿ.ಗ್ರಾಂ. ಒಟ್ಟು ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ನೀರು.

ಕಟ್ಲೆಟ್‌ನ ಪೌಷ್ಟಿಕತೆ ಕೆಡುವುದು ಈ ನೀರನ್ನು ಸರಿಯಾಗಿ ನೋಡಿಕೊಳ್ಳದೇ ಇರೋದರಿಂದ. ಹೇಗೆ ಅಂದರೆ, ಬೇಯಿಸುವಾಗ ಗೆಡ್ಡೆ ನೀರು ಕುಡಿದರೆ ಹಿಟ್ಟು ಸಡಿಲ ಆಗುತ್ತೆ. ಸಡಿಲ ಆದದ್ದನ್ನು ಕಟ್ಟೋಕೆ ಮೈದಾ, ಕಾರ್ನ್‌ಫ್ಲೋರ್, ಬ್ರೆಡ್ ಸೇರಿಸುತ್ತೀವಿ. ಆಮೇಲೂ ಎಣ್ಣೆಯಲ್ಲಿ ಒಡೆಯಬಾರದು ಅಂತ ಮೇಲೆ ಬ್ರೆಡ್ ಪುಡಿಯ ದಪ್ಪ ಲೇಪ. ಆ ಲೇಪ ಎಣ್ಣೆ ಹೀರುತ್ತೆ. ಒಂದು ತಪ್ಪನ್ನು ಮುಚ್ಚೋಕೆ ಇನ್ನೊಂದು ಅಂತ ಸೇರುತ್ತಾ ಹೋಗಿ, 80 ಕ್ಯಾಲೊರಿಯಲ್ಲಿ ಮುಗಿಯಬೇಕಾದ ಕಟ್ಲೆಟ್ 150 ದಾಟುತ್ತೆ. ಅಷ್ಟರಲ್ಲಿ ಗೆಡ್ಡೆಯ ವಿಟಮಿನ್ ಸಿ ಕುಕ್ಕರ್ ನೀರಿನ ಜೊತೆ ಸಿಂಕ್‌ಗೆ ಹೋಗಿರುತ್ತೆ.

ಹಾಗಾಗಿ ಗೆಡ್ಡೆ ಆರಿಸುವಲ್ಲಿಂದಲೇ ಶುರು ಮಾಡಬೇಕು.

ಮೈಸೂರಿಗೆ ಆಲೂಗೆಡ್ಡೆ ಅಂದರೆ ಮೊದಲು ನೆನಪಾಗೋದು ಹಾಸನ. ಅಲ್ಲಿ ಮುಂಗಾರಿನಲ್ಲಿ ಬಿತ್ತಿ ಬೆಳೆಯುವ ಕುಫ್ರಿ ಜ್ಯೋತಿ ತಳಿ ನಮಗೆಲ್ಲ ಪರಿಚಿತವಾದದ್ದೇ. ಹೊಲದಿಂದ ಹೊಸದಾಗಿ ಬಂದ ಗೆಡ್ಡೆಯ ಸಿಪ್ಪೆ ತೆಳ್ಳಗೆ, ಹೆಬ್ಬೆರಳಲ್ಲಿ ಉಜ್ಜಿದರೆ ಕಿತ್ತು ಬರುತ್ತೆ. ಇದು ಸಾಗುಗೆ, ಹುಳಿಗೆ ಚೆನ್ನ. ಕಟ್ಲೆಟ್‌ಗೆ ಬೇಡ, ಒಳಗೆ ನೀರು ಜಾಸ್ತಿ, ಪಿಷ್ಟ ಕಡಿಮೆ. ಕಟ್ಲೆಟ್‌ಗೆ ಬೇಕಿರೋದು ಸಿಪ್ಪೆ ಬಲಿತು ಒರಟಾಗಿರುವ, ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತೂಕ ಇರುವ, ಗಟ್ಟಿ ಗೆಡ್ಡೆ. ದೇವರಾಜ ಮಾರುಕಟ್ಟೆಯಲ್ಲಾಗಲಿ ಮನೆ ಮುಂದಿನ ಗಾಡಿಯಲ್ಲಾಗಲಿ ‘ಹಳೇ ಗೆಡ್ಡೆ ಕೊಡಿ’ ಅಂತ ಕೇಳಿದರೆ ಅವರೇ ಆರಿಸಿ ಕೊಡುತ್ತಾರೆ.

ಗೊತ್ತಾಗದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಲೀಟರ್ ನೀರಿಗೆ ಸುಮಾರು 110 ಗ್ರಾಂ ಉಪ್ಪು ಕರಗಿಸಿ ಗೆಡ್ಡೆ ಬಿಡಿ. ಮುಳುಗಿದರೆ ಪಿಷ್ಟ ಜಾಸ್ತಿ ಇರುವ, ಬೆಂದರೆ ಪುಡಿಪುಡಿ ಆಗುವ ಗೆಡ್ಡೆ, ಕಟ್ಲೆಟ್‌ಗೆ ಸರಿ. ತೇಲಿದರೆ ನೀರು ಹೆಚ್ಚಿರುವ, ಬೆಂದರೂ ಅಂಟಂಟಾಗಿ ನಿಲ್ಲುವ ಗೆಡ್ಡೆ, ಅದನ್ನು ಪಲ್ಯಕ್ಕೆ ಎತ್ತಿಡಿ. ಒಂದೇ ಚೀಲದಲ್ಲಿ ಎರಡೂ ಥರದ್ದು ಸಿಗುತ್ತೆ.

ಹಸಿರು ತಿರುಗಿದ ಗೆಡ್ಡೆ ವಿಷಯದಲ್ಲಿ ಉದಾಸೀನ ಬೇಡ. ಬೆಳಕಿಗೆ ಬಿದ್ದ ಗೆಡ್ಡೆಯಲ್ಲಿ ಹಸಿರು ಬಣ್ಣದ ಜೊತೆ ಸೋಲನಿನ್ ಥರದ ವಿಷಪದಾರ್ಥಗಳೂ ಹೆಚ್ಚುತ್ತವೆ, ಬೇಯಿಸಿದರೂ ಕರಿದರೂ ಅವು ಹೋಗಲ್ಲ. ಎಲ್ಲೋ ಒಂದು ಕಡೆ ಸ್ವಲ್ಪ ಹಸಿರಿದ್ದರೆ ಆಳವಾಗಿ ಕೆತ್ತಿ ತೆಗೆಯಿರಿ, ಮೊಳಕೆ ಬಂದ ಕಣ್ಣುಗಳನ್ನೂ ಬುಡ ಸಮೇತ ತೆಗೆಯಿರಿ. ಅರ್ಧ ಗೆಡ್ಡೆ ಹಸಿರಾಗಿದ್ದರೆ, ಮೆತ್ತಗಾಗಿ ಮೊಳಕೆ ಉದ್ದ ಬಂದಿದ್ದರೆ, ಬಾಯಿಗೆ ಕಹಿ ಹತ್ತಿದರೆ ಪೂರ್ತಿ ಎಸೆಯಬೇಕು. ಮನೆಯಲ್ಲಿ ಗಾಳಿ ಆಡುವ ಕತ್ತಲೆ ಜಾಗದಲ್ಲಿಡಿ. ಫ್ರಿಜ್‌ನಲ್ಲಿಟ್ಟ ಹಸಿ ಗೆಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ ತಿರುಗುತ್ತೆ. ಅಂಥ ಗೆಡ್ಡೆಯ ಕಟ್ಲೆಟ್ ಒಳಗೆ ಸಿಹಿ, ಹೊರಗೆ ಬೇಗ ಕಪ್ಪು.

ಇನ್ನು ಬೇಯಿಸೋದು. ಹಸಿ ಆಲೂಗೆಡ್ಡೆಯಲ್ಲಿ 100 ಗ್ರಾಂಗೆ ವಿಟಮಿನ್ ಸಿ ಸುಮಾರು 20 ಮಿ.ಗ್ರಾಂ ಇರುತ್ತೆ. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿದರೆ 13 ಉಳಿಯುತ್ತೆ. ಸುಲಿದು ನೀರಲ್ಲಿ ಬೇಯಿಸಿದರೆ 7ರ ಸುಮಾರಿಗೆ ಇಳಿಯುತ್ತೆ. ಪೊಟ್ಯಾಸಿಯಂ ಕೂಡ 380ರಿಂದ 330ರ ಹತ್ತಿರಕ್ಕೆ ಬರುತ್ತೆ. ಬೇಗ ಬೇಯಲಿ ಅಂತ ಹೋಳು ಮಾಡಿ ಕುಕ್ಕರ್ ನೀರಿಗೆ ಹಾಕೋದರಿಂದ ಎರಡು ನಷ್ಟ. ಸತ್ವ ನೀರಿಗೆ ಹೋಗುತ್ತೆ, ನೀರು ಗೆಡ್ಡೆಗೆ ಬರುತ್ತೆ. ಕುಕ್ಕರ್ ತಳಕ್ಕೆ ಎರಡು ಲೋಟ ನೀರು ಹಾಕಿ, ಗೆಡ್ಡೆಗಳನ್ನು ಇಡಿಯಾಗಿ, ಸಿಪ್ಪೆ ಸಮೇತ, ನೀರು ಹಾಕದ ಡಬ್ಬಿಯಲ್ಲಿಟ್ಟು ಆವಿಯಲ್ಲಿ ಬೇಯಿಸಿ. ಮೊಟ್ಟೆ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ಗೆಡ್ಡೆಗೆ ಮಧ್ಯಮ ಉರಿಯಲ್ಲಿ 3ರಿಂದ 4 ಕೂಗು. ಗೆಡ್ಡೆಗಳು ಹೆಚ್ಚು ಕಡಿಮೆ ಒಂದೇ ಗಾತ್ರದವಾಗಿರಲಿ. ಇಲ್ಲದಿದ್ದರೆ ಚಿಕ್ಕದು ಬಿರಿದು ನೀರು ಹಿಡಿಯುತ್ತೆ, ದೊಡ್ಡದರ ನಡುವೆ ಗಟ್ಟಿ ಉಳಿಯುತ್ತೆ, ಆ ಗಟ್ಟಿ ತುಂಡು ಇರುವ ಕಡೆಯೇ ಕಟ್ಲೆಟ್ ಸೀಳೋದು.

ಸತ್ವ ಎಲ್ಲಾ ಸಿಪ್ಪೆಯಲ್ಲೇ ಇದೆ ಅನ್ನೋ ಮಾತು ಪೂರ್ತಿ ನಿಜ ಅಲ್ಲ. ಸಿಪ್ಪೆಯಲ್ಲಿ ನಾರು ಇದೆ, ಆದರೆ ವಿಟಮಿನ್ ಸಿ, ಪೊಟ್ಯಾಸಿಯಂ ಬಹುಪಾಲು ಇರೋದು ಒಳಗಿನ ತಿರುಳಿನಲ್ಲೇ. ಬೇಯುವಾಗ ಸಿಪ್ಪೆ ಇರಬೇಕು, ತಿನ್ನುವಾಗ ಇಲ್ಲದಿದ್ದರೂ ದೊಡ್ಡ ನಷ್ಟ ಇಲ್ಲ.

ಕೂಗು ಇಳಿದ ತಕ್ಷಣ ಮುಚ್ಚಳ ತೆಗೆದು, ಬಿಸಿ ಇರುವಾಗಲೇ ಸುಲಿಯಬೇಕು. ಮುಚ್ಚಿಟ್ಟು ಆರಲು ಬಿಟ್ಟರೆ ಹೊರಗೆ ಹೋಗಬೇಕಾದ ಆವಿ ಮತ್ತೆ ನೀರಾಗಿ ಗೆಡ್ಡೆ ಮೇಲೇ ಕೂರುತ್ತೆ. ಸುಲಿದದ್ದನ್ನು ಎರಡೆರಡು ಹೋಳು ಮಾಡಿ ಅಗಲ ತಟ್ಟೆಯಲ್ಲಿ ಹರಡಿ. ಒದ್ದೆ ಅನ್ನಿಸಿದರೆ ಎಣ್ಣೆ ಇಲ್ಲದ ಬಿಸಿ ಬಾಣಲೆಯಲ್ಲಿ ಎರಡು ನಿಮಿಷ ಆಡಿಸಿ. ಹೊರಮೈ ಹೊಳಪು ಹೋಗಿ ಹಿಟ್ಟು ಉದುರಿಸಿದ ಹಾಗೆ ಮಾಸಲು ಬಿಳಿ ಬರಬೇಕು, ಅದೇ ಗುರುತು. ಆಮೇಲೆ ತುರಿಯುವ ಮಣೆಯಲ್ಲಿ ತುರಿಯೋದು ಎಲ್ಲಕ್ಕಿಂತ ಒಳ್ಳೇದು. ಮಿಕ್ಸಿಗೆ ಹಾಕಲೇಬಾರದು. ಬ್ಲೇಡು ಗೆಡ್ಡೆಯ ಜೀವಕೋಶಗಳನ್ನು ಒಡೆದು ಪಿಷ್ಟ ಹೊರಗೆ ಬರುತ್ತೆ, ಎಲ್ಲಾ ಗೋಂದಾಗುತ್ತೆ. ಗೋಂದಾದದ್ದನ್ನು ಸರಿ ಮಾಡೋಕೆ ಆಗಲ್ಲ. ಕೈಯಲ್ಲಿ ತುಂಬಾ ಹೊತ್ತು ನಾದಿದರೂ ಇದೇ ಕಥೆ.

ತುರಿದದ್ದನ್ನು ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿ ಕೆಲವು ಗಂಟೆ ಇಡೋದು ನನ್ನ ಪ್ರಕಾರ ಕಟ್ಲೆಟ್‌ಗೆ ಮಾಡಬಹುದಾದ ದೊಡ್ಡ ಉಪಕಾರ. ಬೆಂದು ಉಬ್ಬಿದ ಪಿಷ್ಟ ತಣಿದಾಗ ಮತ್ತೆ ಬಿಗಿಯಾಗುತ್ತೆ, ಹಿಟ್ಟಿಗೆ ತಾನಾಗಿ ಕಟ್ಟುವ ಗುಣ ಬರುತ್ತೆ. ಹಾಗೆ ಬಿಗಿಯಾದ ಪಿಷ್ಟದ ಒಂದು ಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ನಾರಿನ ಹಾಗೆ ಮುಂದೆ ಹೋಗುತ್ತೆ, ರಕ್ತಕ್ಕೆ ಸಕ್ಕರೆ ಏರುವ ವೇಗವೂ ತುಸು ತಗ್ಗುತ್ತೆ. ಮತ್ತೆ ಬಿಸಿ ಮಾಡಿದರೂ ಅದರಲ್ಲಿ ಸ್ವಲ್ಪ ಪಾಲು ಹಾಗೇ ಉಳಿಯುತ್ತೆ. ಇದನ್ನು ಕೇಳಿ ಸಕ್ಕರೆ ಕಾಯಿಲೆ ಇರುವವರು ಆರು ಕಟ್ಲೆಟ್ ತಿನ್ನಬಹುದು ಅಂತಲ್ಲ. ತಗ್ಗೋದು ಸ್ವಲ್ಪವೇ, ಎಷ್ಟು ತಿಂದಿರಿ ಅನ್ನೋದೇ ಮುಖ್ಯ. ಬೇಯಿಸಿದ ಗೆಡ್ಡೆಯನ್ನು ಅಡುಗೆಮನೆ ಕಟ್ಟೆ ಮೇಲೆ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ, ಏಪ್ರಿಲ್ ಬಿಸಿಲಲ್ಲಿ ಅಷ್ಟೂ ಬೇಡ.

ಈಗ ಅಳತೆ. 12 ಕಟ್ಲೆಟ್‌ಗೆ ಬೇಯಿಸಿ ತುರಿದ ಆಲೂಗೆಡ್ಡೆ 500 ಗ್ರಾಂ, ಬೇಯಿಸಿದ ಬಟಾಣಿ 100 ಗ್ರಾಂ, ತುರಿದ ಕ್ಯಾರೆಟ್ 50 ಗ್ರಾಂ, ಹುರಿಗಡಲೆ ಪುಡಿ 40 ಗ್ರಾಂ, ಉಪ್ಪು ಒಂದು ಟೀ ಚಮಚ ತಲೆ ತಟ್ಟಿ, ಅಂದರೆ ಸುಮಾರು 6 ಗ್ರಾಂ. ಹಸಿಮೆಣಸಿನಕಾಯಿ ಮೂರು, ಒಂದು ಇಂಚು ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ಚಮಚ ಹುರಿದು ಪುಡಿ ಮಾಡಿದ ಜೀರಿಗೆ.

ಮೈದಾ, ಕಾರ್ನ್‌ಫ್ಲೋರ್ ಬದಲು ಹುರಿಗಡಲೆ ಪುಡಿ ಯಾಕೆ ಅಂದರೆ, ಅದು ಮೊದಲೇ ಹುರಿದದ್ದು, ಹಸಿ ವಾಸನೆ ಇರಲ್ಲ, ನೀರನ್ನು ಚೆನ್ನಾಗಿ ಎಳೆದುಕೊಳ್ಳುತ್ತೆ, ತೂಕದಲ್ಲಿ ಐದನೇ ಒಂದು ಪಾಲು ಪ್ರೋಟೀನ್. ಕಾರ್ನ್‌ಫ್ಲೋರ್‌ನಲ್ಲಿ ಪ್ರೋಟೀನ್ ಲೆಕ್ಕಕ್ಕೇ ಇಲ್ಲ. ಕಡಲೆಹಿಟ್ಟು ಹಾಕಬಹುದು, ಆದರೆ ಮೊದಲು ಹುರಿದಿರಬೇಕು. ತವಾ ಮೇಲಿನ ಏಳೆಂಟು ನಿಮಿಷದಲ್ಲಿ ಒಳಗಿನ ಹಸಿ ಹಿಟ್ಟು ಬೇಯಲ್ಲ. ಅವಲಕ್ಕಿ ಪುಡಿಯೂ ನೀರು ಎಳೆಯುತ್ತೆ, ಪ್ರೋಟೀನ್ ಮಾತ್ರ ಕಡಿಮೆ. ಬ್ರೆಡ್ಡನ್ನು ನೀರಲ್ಲಿ ಅದ್ದಿ ಹಿಂಡಿ ಸೇರಿಸುವ ಪದ್ಧತಿ ನಾನು ಒಪ್ಪಲ್ಲ, ಇಷ್ಟು ಕಷ್ಟಪಟ್ಟು ತೆಗೆದ ನೀರನ್ನು ಅದು ವಾಪಸ್ ತರುತ್ತೆ.

ಡಿಸೆಂಬರ್, ಜನವರಿಯಲ್ಲಿ ಬಟಾಣಿ ಕೈಬಿಟ್ಟು ಹಿತಕಿದ ಅವರೆಬೇಳೆ ಹಾಕಿ. ಆಲೂಗೆಡ್ಡೆಯಲ್ಲಿ ಕೊರತೆ ಇರುವ ಪ್ರೋಟೀನ್ ಸೇರುತ್ತೆ, ಸೊಗಡಿನ ಪರಿಮಳಕ್ಕೆ ಬೇರೆ ಮಸಾಲೆಯೇ ಬೇಡ. ಬೇಳೆಯನ್ನು ಮೆತ್ತಗೆ ಬೇಯಿಸಿ, ಜರಡಿಯಲ್ಲಿ ಬಸಿದು, ಬಟ್ಟೆ ಮೇಲೆ ಹತ್ತು ನಿಮಿಷ ಹರಡಿ, ಅರ್ಧ ಭಾಗ ಮಸೆದು ಅರ್ಧ ಇಡಿಯಾಗಿ ಬಿಡಿ. ಉಳಿದ ಕಾಲದಲ್ಲಿ ಒಂದು ಹಿಡಿ ನುಗ್ಗೆಸೊಪ್ಪು ತವಾ ಮೇಲೆ ಬಾಡಿಸಿ ಸೇರಿಸಬಹುದು. ಹಸಿಯಾಗಿ ಸೇರಿಸಿದರೆ ಅದೂ ನೀರು ಬಿಡುತ್ತೆ.

ಈರುಳ್ಳಿ ಪಟ್ಟಿಯಲ್ಲಿ ಇಲ್ಲದಿರೋದು ಬೇಕಂತಲೇ. ಹಸಿ ಈರುಳ್ಳಿ ಮತ್ತು ಉಪ್ಪು ಜೊತೆಯಾದರೆ ಹತ್ತು ನಿಮಿಷದಲ್ಲಿ ಹಿಟ್ಟು ನೀರಾಗುತ್ತೆ. ಬೇಕೇ ಬೇಕು ಅನ್ನುವವರು ಸಣ್ಣಗೆ ಹೆಚ್ಚಿ, ಬಾಣಲೆಯಲ್ಲಿ ನೀರಿನಂಶ ಹೋಗುವವರೆಗೆ ಬಾಡಿಸಿ, ಆರಿಸಿ ಹಾಕಿ. ಉಪ್ಪನ್ನು ಎಲ್ಲಕ್ಕಿಂತ ಕೊನೆಗೆ, ತಟ್ಟುವುದಕ್ಕೆ ಐದು ನಿಮಿಷ ಮುಂಚೆ ಬೆರೆಸಿ. ಕ್ಯಾರೆಟ್ ತುರಿಯನ್ನೂ ಮುಷ್ಟಿಯಲ್ಲಿ ಒಮ್ಮೆ ಹಿಂಡಿ ಸೇರಿಸಿ, ಆ ರಸ ಮಜ್ಜಿಗೆಗೋ ಸಾರಿಗೋ ಹೋಗಲಿ.

ಈ ಅಳತೆಯ ಲೆಕ್ಕ ಹೀಗೆ ಬರುತ್ತೆ. ಆಲೂಗೆಡ್ಡೆಯಿಂದ 435 ಕ್ಯಾಲೊರಿ, ಬಟಾಣಿಯಿಂದ 84, ಕ್ಯಾರೆಟ್‌ನಿಂದ 20, ಹುರಿಗಡಲೆಯಿಂದ ಸುಮಾರು 150, ಸೊಪ್ಪು ಶುಂಠಿ ಇತ್ಯಾದಿಯಿಂದ ಹತ್ತು. ಒಟ್ಟು 700. ಹನ್ನೆರಡಕ್ಕೆ ಹಂಚಿದರೆ 58 ಗ್ರಾಂ ಆಸುಪಾಸಿನ ಒಂದು ಕಟ್ಲೆಟ್‌ಗೆ 58 ಕ್ಯಾಲೊರಿ, ಕಾರ್ಬೋಹೈಡ್ರೇಟ್ 12 ಗ್ರಾಂ, ಪ್ರೋಟೀನ್ 2 ಗ್ರಾಂ, ನಾರು ಒಂದೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು. ಇದು ಎಣ್ಣೆ ಸೇರುವ ಮುಂಚಿನ ಮಾತು.

ತವಾ ಮೇಲೆ ಹನ್ನೆರಡಕ್ಕೂ ಸೇರಿ 30 ಮಿ.ಲೀ. ಎಣ್ಣೆ ಬಳಸಿದಿರಿ ಅನ್ನಿ. ಅದು 27 ಗ್ರಾಂ, ಗ್ರಾಂಗೆ 9ರಂತೆ 243 ಕ್ಯಾಲೊರಿ, ಕಟ್ಲೆಟ್‌ಗೆ 20. ಒಟ್ಟು 78. ಅದೇ ಕಟ್ಲೆಟ್ಟನ್ನು ಮೈದಾ ನೀರಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದರೆ? ಮೈದಾ 3 ಗ್ರಾಂ ಅಂಟಿದರೆ 10 ಕ್ಯಾಲೊರಿ, ಬ್ರೆಡ್ ಪುಡಿ 6 ಗ್ರಾಂಗೆ 24, ಎಣ್ಣೆ 7 ಗ್ರಾಂ ಹೀರಿದರೆ 63. ಒಟ್ಟು 155. ಒಂದು ಕರಿದದ್ದು ಎರಡು ತವಾ ಕಟ್ಲೆಟ್‌ಗೆ ಸಮ, ಆದರೆ ಎರಡು ತಿಂದರೆ ಸಿಗುವ ನಾಲ್ಕು ಗ್ರಾಂ ಪ್ರೋಟೀನ್ ಒಂದರಲ್ಲಿ ಸಿಗಲ್ಲ, ಹೊಟ್ಟೆಯೂ ತುಂಬಲ್ಲ. ನಿಮ್ಮ ಮನೆಯ ನಿಜವಾದ ಲೆಕ್ಕ ಬೇಕಾದರೆ ಕರಿಯುವ ಮುಂಚೆ ಎಣ್ಣೆ ಸಮೇತ ಬಾಣಲೆ ತೂಗಿ, ಮುಗಿದು ಆರಿದ ಮೇಲೆ ಮತ್ತೆ ತೂಗಿ, ವ್ಯತ್ಯಾಸವನ್ನು ಕಟ್ಲೆಟ್ ಸಂಖ್ಯೆಗೆ ಭಾಗಿಸಿ 9ರಿಂದ ಗುಣಿಸಿ. ಅಡುಗೆಮನೆ ತಕ್ಕಡಿ ಇದ್ದರೆ ಸಾಕು.

ಎಣ್ಣೆ ಯಾಕೆ ಒಳಗೆ ಹೋಗುತ್ತೆ ಅನ್ನೋದು ತಿಳಿದರೆ ಅದನ್ನು ತಡೆಯೋದು ಸುಲಭ. ಬಿಸಿ ಎಣ್ಣೆಗೆ ಬಿದ್ದ ಕಟ್ಲೆಟ್‌ನ ಮೇಲ್ಪದರದ ನೀರು ಆವಿಯಾಗಿ ಹೊರಗೆ ನುಗ್ಗುತ್ತೆ, ಗುಳ್ಳೆ ಬರೋದು ಅದಕ್ಕೇ. ಆವಿ ಹೊರಬರುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ಜಾಗ ಇಲ್ಲ. ಹೊರಗೆ ತೆಗೆದ ಮೇಲೆ ಒಳಗಿನ ಆವಿ ತಣಿದು ಕುಗ್ಗುತ್ತೆ, ಆಗ ಮೈಗೆ ಅಂಟಿದ ಎಣ್ಣೆಯನ್ನು ಆ ತೂತುಗಳು ಒಳಗೆ ಎಳೆದುಕೊಳ್ಳುತ್ತವೆ. ಅಂದರೆ ಹೆಚ್ಚಿನ ಎಣ್ಣೆ ಸೇರೋದು ಬಾಣಲೆಯಿಂದ ತೆಗೆದ ಮೇಲೆ. ಜಾಲರಿಯಲ್ಲಿ ಎತ್ತಿದ ಕೂಡಲೇ ಬಾಣಲೆ ಮೇಲೇ ಹತ್ತು ಸೆಕೆಂಡ್ ಹಿಡಿದು ಅಲುಗಿಸಿ, ಬಿಸಿ ಇರುವಾಗಲೇ ಎರಡೂ ಮಗ್ಗುಲು ಕಾಗದದಿಂದ ಒತ್ತಿ, ಆಮೇಲೆ ತಂತಿ ಜಾಲರಿ ಮೇಲಿಡಿ. ಐದು ನಿಮಿಷ ಬಿಟ್ಟು ಕಾಗದದ ಮೇಲಿಟ್ಟರೆ ಪ್ರಯೋಜನ ಕಡಿಮೆ. ಸುದ್ದಿ ಕಾಗದ ಬೇಡ, ಶಾಯಿ ಆಹಾರಕ್ಕೆ ಹತ್ತುತ್ತೆ.

ಹಿಟ್ಟಲ್ಲಿ ನೀರು ಹೆಚ್ಚಿದ್ದರೆ ತೂತು ಹೆಚ್ಚು, ಎಣ್ಣೆ ಹೆಚ್ಚು. ಕಾವು ಕಡಿಮೆ ಇದ್ದರೆ ಮೇಲ್ಪದರ ಗಟ್ಟಿಯಾಗೋದು ತಡ, ಅಷ್ಟರಲ್ಲಿ ಕಟ್ಲೆಟ್ ಸೀಳಿ ಸೀಳಿನೊಳಕ್ಕೇ ಎಣ್ಣೆ ಹೋಗುತ್ತೆ. ಕರಿಯುವುದಾದರೆ 170ರಿಂದ 180 ಡಿಗ್ರಿ ಸೆಲ್ಸಿಯಸ್. ಒಂದು ಚೂರು ಹಿಟ್ಟು ಹಾಕಿದ ತಕ್ಷಣ ಗುಳ್ಳೆ ಎದ್ದು ಮೇಲೆ ಬರಬೇಕು, ಹೊಗೆ ಕಾಣಬಾರದು. ಒಂದು ಸಲಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಹಾಕಿದರೆ ಕಾವು ಬಿದ್ದುಹೋಗುತ್ತೆ. ಫ್ರಿಜ್‌ನಿಂದ ತೆಗೆದ ಕಟ್ಲೆಟ್ ಆದರೆ ಇನ್ನೂ ಬೇಗ.

ತವಾ ಆದರೆ ಕಬ್ಬಿಣದ್ದು, ದೋಸೆಗೆ ಪಳಗಿದ್ದು ಒಳ್ಳೇದು. ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಅಂಚಿನ ಬಿರುಕುಗಳನ್ನು ಬೆರಳಲ್ಲಿ ನೇವರಿಸಿ ಮುಚ್ಚಿ. ಲೇಪ ಬೇಕಿದ್ದರೆ ಚಿರೋಟಿ ರವೆಯಲ್ಲಿ ಒಣದಾಗಿ ಒತ್ತಿ ತೆಗೆದರೆ ಸಾಕು, ಬ್ರೆಡ್ ಪುಡಿಗಿಂತ ಕಡಿಮೆ ಅಂಟುತ್ತೆ, ಗರಿಗರಿ ಬರುತ್ತೆ. ರಾಗಿಹಿಟ್ಟಲ್ಲೂ ಹೊರಳಿಸಬಹುದು. ಆದರೆ ರಾಗಿ ಮೊದಲೇ ಕಂದು, ಬಣ್ಣ ನೋಡಿ ಬೆಂದಿದ್ದು ಗೊತ್ತಾಗಲ್ಲ, ಗಡಿಯಾರ ನೋಡಬೇಕು. ಮಧ್ಯಮ ಉರಿಯಲ್ಲಿ ಒಂದೊಂದು ಮಗ್ಗುಲಿಗೆ 3ರಿಂದ 4 ನಿಮಿಷ. ಮೊದಲ ಎರಡು ನಿಮಿಷ ಮುಟ್ಟಬೇಡಿ. ಪದರ ಕಟ್ಟಿದರೆ ಕಟ್ಲೆಟ್ ತಾನೇ ತವಾ ಬಿಡುತ್ತೆ, ಅಂಟಿಕೊಂಡಿದ್ದರೆ ಇನ್ನೂ ಆಗಿಲ್ಲ ಅಂತ. ಏರ್ ಫ್ರೈಯರ್‌ನಲ್ಲಿ ಮೊದಲೇ ಕಾಯಿಸಿ, ಎರಡೂ ಕಡೆ ಎಣ್ಣೆ ಸವರಿ, 190 ಡಿಗ್ರಿಯಲ್ಲಿ 12ರಿಂದ 15 ನಿಮಿಷ, ನಡುವೆ ಒಮ್ಮೆ ತಿರುವಿ.

ಬಣ್ಣ ಹೊಂಬಣ್ಣಕ್ಕೆ ನಿಲ್ಲಲಿ. ಪಿಷ್ಟ ಇರುವ ಆಹಾರವನ್ನು 120 ಡಿಗ್ರಿಗಿಂತ ಹೆಚ್ಚಿನ ಕಾವಲ್ಲಿ ಕಂದಿಸಿದಾಗ ಆಕ್ರಿಲಮೈಡ್ ಅನ್ನುವ, ಕ್ಯಾನ್ಸರ್ ತರಬಹುದು ಅನ್ನುವ ಶಂಕೆ ಇರುವ ರಾಸಾಯನಿಕ ಹುಟ್ಟುತ್ತೆ ಅಂತ 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹೇಳಿದರು. ಕಂದು ಹೆಚ್ಚಿದಷ್ಟೂ ಅದೂ ಹೆಚ್ಚು. ಬೇಯಿಸೋದರಿಂದ ಅದು ಬರಲ್ಲ, ಆದ್ದರಿಂದ ಬೆಂದ ಗೆಡ್ಡೆಯ ಕಟ್ಲೆಟ್‌ನಲ್ಲಿ ಮೇಲಿನ ಪದರ ಒಂದರ ಚಿಂತೆ ಮಾಡಿದರೆ ಸಾಕು.

ಹೊರಗೆ ತಿನ್ನುವಾಗ ನೋಡಬೇಕಾದ್ದು ಎಣ್ಣೆಯನ್ನು. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಪದಾರ್ಥಗಳ ಒಟ್ಟು ಪ್ರಮಾಣ ಶೇ 25 ದಾಟಿದರೆ ಅದನ್ನು ಬಳಸಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈನಿಂದ ಇದೆ. ಅಳೆಯುವ ಯಂತ್ರ ನಮ್ಮ ಕೈಲಿರಲ್ಲ. ಕಪ್ಪು ಬಣ್ಣ, ಮಂದ ಹರಿವು, ಬಾಣಲೆ ಅಂಚಲ್ಲಿ ನಿಲ್ಲುವ ನೊರೆ ಕಂಡರೆ ಮುಂದಿನ ಗಾಡಿಗೆ ಹೋಗಿ. ಟಿಕ್ಕಿ ಮೇಲೆ ಸುರಿಯುವ ಹುಣಸೆ ಬೆಲ್ಲದ ಚಟ್ನಿಯಲ್ಲಿ 10 ಗ್ರಾಂ ಬೆಲ್ಲ ಇದ್ದರೂ 38 ಕ್ಯಾಲೊರಿ. ಪುದೀನ ಚಟ್ನಿ, ಮೊಸರು ಇರುವಾಗ ಸಿಹಿ ಚಟ್ನಿ ಅರ್ಧ ಚಮಚಕ್ಕೆ ನಿಲ್ಲಿಸಬಹುದು. ನಿಂಬೆಹಣ್ಣು ಮಾತ್ರ ತಿನ್ನುವಾಗ ಹಿಂಡಲೇಬೇಕು, ಬೇಯಿಸುವಾಗ ಕಳೆದ ವಿಟಮಿನ್ ಸಿ ಸ್ವಲ್ಪ ವಾಪಸ್ ಬರುತ್ತೆ, ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಹತ್ತೋಕೂ ಅದು ಬೇಕು.

ಉಪ್ಪಿನ ಲೆಕ್ಕ ಮರೆಯೋದು ಬೇಡ. ಮೇಲಿನ ಅಳತೆಯಲ್ಲಿ ಕಟ್ಲೆಟ್‌ಗೆ ಅರ್ಧ ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತೆ. ಮೂರು ಕಟ್ಲೆಟ್, ಜೊತೆಗೆ ಕೆಚಪ್, ಚಟ್ನಿ ಅಂತಾದರೆ ಒಂದೇ ತಿಂಡಿಗೆ ಎರಡು ಗ್ರಾಂ ಮುಟ್ಟುವುದು ಕಷ್ಟವಲ್ಲ.

ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಇಲ್ಲಿ ಹೇಳಿದ ಬೇಯಿಸುವ ಕ್ರಮ ತಿರುಗುಮುರುಗು. ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ವೈದ್ಯರು ಹೇಳಿದ್ದರೆ ಗೆಡ್ಡೆ ಸುಲಿದು, ತೆಳ್ಳಗೆ ಹೆಚ್ಚಿ, ತುಂಬಾ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಬೇಕು. ಹಿಟ್ಟು ಒದ್ದೆಯಾಗುತ್ತೆ, ಬಾಣಲೆಯಲ್ಲಿ ಒಣಗಿಸುವ ಸಮಯ ಐದಾರು ನಿಮಿಷಕ್ಕೆ ಏರಿಸಿ. ಎಷ್ಟು ತಿನ್ನಬಹುದು ಅನ್ನೋದನ್ನು ವೈದ್ಯರನ್ನೇ ಕೇಳಬೇಕು.

ಅಂಗಡಿಯ ಫ್ರೋಜನ್ ಟಿಕ್ಕಿ ತರುವವರು ಪೊಟ್ಟಣದ ಹಿಂದೆ ಎರಡು ವಿಷಯ ಓದಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತೆ, ಆಲೂಗೆಡ್ಡೆಯ ಬೆನ್ನಿಗೇ ಎಣ್ಣೆಯೋ ಪಿಷ್ಟವೋ ಇದ್ದರೆ ಬಟಾಣಿ ಕ್ಯಾರೆಟ್ ಚಿತ್ರಕ್ಕೆ ಮಾತ್ರ. ಕ್ಯಾಲೊರಿ 100 ಗ್ರಾಂಗೆ ಬರೆದಿರುತ್ತಾರೆ, ಒಂದು ಟಿಕ್ಕಿಗಲ್ಲ, ನೀವು ಮನೆಯಲ್ಲಿ ಕರಿಯುವಾಗ ಸೇರುವ ಎಣ್ಣೆಯೂ ಆ ಅಂಕಿಯಲ್ಲಿರಲ್ಲ. ಅದಕ್ಕಿಂತ ಮನೆಯಲ್ಲೇ ತಟ್ಟಿದ ಕಟ್ಲೆಟ್ಟನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಫ್ರೀಜರ್‌ನಲ್ಲಿ ಎರಡು ಗಂಟೆ ಗಟ್ಟಿ ಮಾಡಿ, ಆಮೇಲೆ ಡಬ್ಬಿಗೆ ತುಂಬಿ. ಒಂದು ತಿಂಗಳು ಚೆನ್ನಾಗಿರುತ್ತೆ. ಬೇಕಾದಾಗ ಕರಗಲು ಬಿಡದೆ ನೇರವಾಗಿ ತವಾಕ್ಕೆ ಹಾಕಿ, ಸಣ್ಣ ಉರಿಯಲ್ಲಿ ಮೊದಲ ಎರಡು ನಿಮಿಷ ಮುಚ್ಚಳ ಮುಚ್ಚಿ, ಆಮೇಲೆ ಮುಚ್ಚಳ ತೆಗೆದು ಉರಿ ಮಧ್ಯಮಕ್ಕೆ ಏರಿಸಿ. ಕರಗಿಸಿ ಹಾಕಿದರೆ ಮಂಜು ನೀರಾಗಿ ಕಟ್ಲೆಟ್ ತವಾ ಮೇಲೆಯೇ ಕಲಸಿಹೋಗುತ್ತೆ.